ಲಾರಿಯ ಚೌಕಟ್ಟು, ಚಾಲಕನ ಗೂಡು

ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗುಡಿ, ಗೋಪುರ, ಕಲ್ಯಾಣಿ. ಬಿದ್ದುಹೋದ ಶಿಖರವನ್ನು ಎತ್ತಿ ನಿಲ್ಲಿಸುವುದು, ಹೂಳು ತುಂಬಿದ ಕೊಳವನ್ನು ತೆಗೆಸುವುದು ಪುಣ್ಯದ ಕೆಲಸವೆಂದು ನಾವು ಬಲ್ಲೆವು. ಆದರೆ ಒಂದು ಹಳೆಯ ಲಾರಿಗೂ ಜೀರ್ಣೋದ್ಧಾರವುಂಟೆಂದರೆ ಅನೇಕರು ನಕ್ಕಾರು. ನಾನೂ ನಕ್ಕವನೇ. ನನ್ನ ಸ್ನೇಹಿತರೊಬ್ಬರು ತಮ್ಮ ತಂದೆಯ ಕಾಲದ ಲಾರಿಯೊಂದನ್ನು ಮತ್ತೆ ಓಡುವಂತೆ ಮಾಡಲು ಹೊರಟು, ‘ನೀವು ಇತಿಹಾಸ ಓದಿದವರು, ಬಂದು ಒಂದು ಸಂದೇಹ ಪರಿಹರಿಸಿ’ ಎಂದು ಕರೆದಾಗ ವಿನೋದಕ್ಕೆಂದೇ ಹೋದೆ. ಹಿಂದಿರುಗುವ ವೇಳೆಗೆ ವಿನೋದ ಉಳಿದಿರಲಿಲ್ಲ.

1960ರ ದಶಕದಲ್ಲಿ ಕೊಂಡ ಲಾರಿ ಅದು. ಚಳ್ಳಕೆರೆಯ ಕಡಲೆಕಾಯಿ, ತಿಪಟೂರಿನ ಕೊಬ್ಬರಿ ಹೊತ್ತು ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು, ಆಮೇಲೆ ಹುಣಿಸೆಮರದ ಕೆಳಗೆ ನಿಂತೇ ಇತ್ತು. ಗೆದ್ದಲು ಅದರ ಕ್ಯಾಬಿನ್ನಿನ ಮರವನ್ನು ತಿಂದಿತ್ತು, ತಗಡು ಜರಡಿಯಾಗಿತ್ತು. ಉಳಿದಿದ್ದುದು ಎಂಜಿನ್ನು, ಚಕ್ರ, ಅವುಗಳನ್ನೆಲ್ಲ ಹಿಡಿದಿಟ್ಟ ಉಕ್ಕಿನ ಚೌಕಟ್ಟು. ಚೌಕಟ್ಟನ್ನು ಉಜ್ಜಿ ಬಣ್ಣ ಬಳಿದಾಗಿತ್ತು. ಎಂಜಿನ್ನೂ ಕೆಮ್ಮಿ ಕೆಮ್ಮಿ ದನಿ ಹೊರಡಿಸಿತ್ತು. ಇನ್ನು ಅದರ ಮೇಲೆ ಕ್ಯಾಬಿನ್ ಕೂಡಿಸಬೇಕು. ಯಾವ ಕ್ಯಾಬಿನ್ ಎಂಬುದೇ ಸಂದೇಹ. ಸ್ನೇಹಿತರು ಗುಜರಿಯಿಂದ ಒಂದು ಉಕ್ಕಿನ ಕ್ಯಾಬಿನ್ ತಂದಿಟ್ಟಿದ್ದರು. ಅದು ನೋಡಲು ಸುಂದರ, ಆದರೆ ಎಷ್ಟೋ ವರ್ಷ ಈಚಿನದು. ‘ಮೂಲದಲ್ಲಿ ಇದಕ್ಕೆ ಎಂಥ ಕ್ಯಾಬಿನ್ ಇತ್ತೆಂದು ಕಾರ್ಖಾನೆಯ ಪುಸ್ತಕ ನೋಡಿ ಹೇಳಿ’ ಎಂದರು.

ಪುಸ್ತಕ ನೋಡಿದೆ. ಎಂಜಿನ್ನಿನ ಚಿತ್ರವಿತ್ತು, ಗೇರು ಪೆಟ್ಟಿಗೆಯ ಚಿತ್ರವಿತ್ತು, ಒಂದೊಂದು ತಿರುಪಿಗೂ ಸಂಖ್ಯೆಯಿತ್ತು. ಚೌಕಟ್ಟಿನ ಉದ್ದ ಅಗಲಗಳ ಲೆಕ್ಕವಿತ್ತು. ಕ್ಯಾಬಿನ್ ಇರಬೇಕಾದ ಜಾಗ ಮಾತ್ರ ಖಾಲಿ ಬಿಟ್ಟಿತ್ತು. ಲಾರಿಯ ನೋಂದಣಿ ಪುಸ್ತಕವನ್ನು ತೆರೆದೆ. ಚಾಸಿಯ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಕರ ಹೆಸರು, ಮೈಯ ಬಗೆ ಯಾವುದೆಂಬ ಒಂದು ಮಾತು. ಆ ಮೈಯನ್ನು ಕಟ್ಟಿದವನ ಹೆಸರಿಗೆ ಒಂದು ಅಂಕಣವೂ ಇಲ್ಲ. ಚರಿತ್ರೆ ಓದಿದವನಿಗೆ ಇಂಥ ಮೌನ ಹೊಸದಲ್ಲ. ದೇವಾಲಯ ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿರುತ್ತದೆ. ಕಲ್ಲು ಹೊತ್ತವನ ಹೆಸರು ಇರುವುದಿಲ್ಲ. ಆದರೆ ಇಲ್ಲಿ ಆ ಮೌನಕ್ಕೊಂದು ಕಾರಣವಿತ್ತು. ಆ ಕಾರಣವನ್ನು ಹುಡುಕುತ್ತ ಹೋದಾಗ ನನಗೆ ತಿಳಿದುಬಂದುದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹೆಸರುಗಳನ್ನೇ ನೋಡೋಣ. ಚಾಸಿ ಎಂಬುದು ಫ್ರೆಂಚ್ ಭಾಷೆಯ ಶಬ್ದ. ಚೌಕಟ್ಟು ಎಂದೇ ಅದರ ಅರ್ಥ. ಕ್ಯಾಬ್ ಎಂಬುದು ಕ್ಯಾಬ್ರಿಯೊಲೆ ಎಂಬ ಹಗುರವಾದ ಕುದುರೆಗಾಡಿಯ ಹೆಸರಿನ ಮೊಟಕು ರೂಪ. ರಸ್ತೆಯಲ್ಲಿ ಆ ಗಾಡಿ ಮೇಕೆಯಂತೆ ಕುಪ್ಪಳಿಸುತ್ತಿದ್ದುದರಿಂದ ಆ ಹೆಸರು ಬಂತು. ಅದರ ಮೂಲ ಕಾಡುಮೇಕೆಯ ಲ್ಯಾಟಿನ್ ಹೆಸರು. ಚೌಕಟ್ಟಿನ ಮೇಲೆ ಕುಪ್ಪಳಿಸುವ ಮೇಕೆಯನ್ನು ಹೇಗೆ ಕಟ್ಟಿಹಾಕುವುದು? ಲಾರಿ ಹುಟ್ಟಿದಂದಿನಿಂದ ಎಂಜಿನಿಯರುಗಳನ್ನು ಕಾಡಿದ ಪ್ರಶ್ನೆಯಿದು.

ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1896ರಲ್ಲಿ ಮಾಡಿದ ಟ್ರಕ್ಕಿಗೆ ಕ್ಯಾಬಿನ್ನೇ ಇರಲಿಲ್ಲ. ನಾಲ್ಕು ಅಶ್ವಶಕ್ತಿಯ ಎಂಜಿನ್ನು ಹಿಂದೆ. ಮುಂದೆ ಎತ್ತರದಲ್ಲಿ, ಕುದುರೆಗಾಡಿಯವನು ಕೂರುವ ಹಾಗೆಯೇ, ಬಯಲಿನಲ್ಲಿ ಚಾಲಕನ ಪೀಠ. ಕುದುರೆ ಮಾತ್ರ ಮಾಯವಾಗಿತ್ತು. ಗಾಡಿ ಹೊಡೆಯುವವನು ಮಳೆ ಬಿಸಿಲಿನಲ್ಲಿ ಕೂರುವುದು ಸಹಜವೆಂದು ತಿಳಿದಿದ್ದ ಕಾಲವದು. ಸರಕಿಗೆ ಟಾರ್ಪಾಲು ಹೊದಿಸುವ ಯೋಚನೆ ಬಂದಷ್ಟು ಬೇಗ ಮನುಷ್ಯನಿಗೆ ಸೂರು ಹೊದಿಸುವ ಯೋಚನೆ ಬರಲಿಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆ 1917ರಲ್ಲಿ ಒಂದು ಟನ್ ಹೊರುವ ಟಿಟಿ ಎಂಬ ಟ್ರಕ್ಕನ್ನು ಹೊರತಂದಿತು. ಅದನ್ನೂ ಬರಿಯ ಚಾಸಿಯಾಗಿಯೇ ಮಾರಿದರು. ಕೊಂಡವನು ತನ್ನೂರಿನ ಬಡಗಿಯಿಂದಲೋ ಗಾಡಿ ಮಾಡುವವನಿಂದಲೋ ಕ್ಯಾಬಿನ್ನನ್ನೂ ಸರಕಿನ ತೊಟ್ಟಿಯನ್ನೂ ಕಟ್ಟಿಸಿಕೊಳ್ಳಬೇಕಾಗಿತ್ತು. ಫೋರ್ಡ್ ಕಾರ್ಖಾನೆ ತಾನೇ ಕ್ಯಾಬಿನ್ ಮಾಡಿ ಕೊಡತೊಡಗಿದ್ದು 1924ರಲ್ಲಿ. ಮರದ ಕ್ಯಾಬಿನ್ ಹಿಂದುಳಿದ ನಾಡಿನ ಲಕ್ಷಣವೆಂದು ಭಾವಿಸುವವರು ಇದನ್ನು ನೆನಪಿಡಬೇಕು. ಜಗತ್ತಿನ ಅತಿ ದೊಡ್ಡ ಮೋಟಾರು ಕಾರ್ಖಾನೆಯೂ ಒಂದು ಕಾಲದಲ್ಲಿ ಹಳ್ಳಿಯ ಬಡಗಿಯ ಕೈಯನ್ನೇ ನಂಬಿತ್ತು.

ನಮ್ಮ ದೇಶಕ್ಕೆ ಲಾರಿ ಬಂದದ್ದೂ ಚಾಸಿಯ ರೂಪದಲ್ಲೇ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ನಾವೇ ಮೋಟಾರು ತಯಾರಿಸಬೇಕೆಂದು ಕನಸು ಕಂಡವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಆ ಕನಸಿನಲ್ಲಿ ಪಾಲುಗೊಂಡರು. ಆ ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಪ್ರಯತ್ನವೂ ನಡೆಯಿತು. ಅಂದಿನ ಸರ್ಕಾರದ ಬೆಂಬಲ ಸಿಗದೆ ಅದು ಕೈಗೂಡಲಿಲ್ಲ. ಬದಲಾಗಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದರೂ ಮೈಸೂರು ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ವಿಧಿಯ ವಿನೋದ ನೋಡಿ: ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಅದೇ ಕಾರ್ಖಾನೆ ಬಸ್ಸುಗಳ ಮೈಯನ್ನೂ ರೈಲುಡಬ್ಬಿಗಳನ್ನೂ ಕಟ್ಟಿತು. ಮೋಟಾರು ಮಾಡಲು ಅವಕಾಶ ಸಿಗದ ಊರು ಮೋಟಾರಿಗೆ ಮೈ ತೊಡಿಸಿತು.

ಸ್ವಾತಂತ್ರ್ಯ ಬಂದ ಮೇಲೆ, ಸುಂಕ ಆಯೋಗದ 1953ರ ವರದಿಯ ನಂತರ, ಇಲ್ಲಿಯೇ ತಯಾರಿಸಲು ಒಪ್ಪದೆ ಕೇವಲ ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು ಹಿಂದೆ ಸರಿದವು. 1954ರಲ್ಲಿ ಟಾಟಾ ಕಂಪನಿ ಡೈಮ್ಲರ್-ಬೆಂಜ್ ಸಹಯೋಗದಿಂದ ಜಮ್ಷೆಡ್ಪುರದಲ್ಲಿ ಲಾರಿ ತಯಾರಿಸತೊಡಗಿತು. ಮರುವರ್ಷ ಮದ್ರಾಸಿನ ಅಶೋಕ್ ಮೋಟರ್ಸ್, ಇಂಗ್ಲೆಂಡಿನ ಲೇಲ್ಯಾಂಡ್ ಜತೆಗೂಡಿ ಅಶೋಕ್ ಲೇಲ್ಯಾಂಡ್ ಆಯಿತು. ಎಂಜಿನ್ನು, ಗೇರು, ಅಚ್ಚು ಇವುಗಳನ್ನು ನಾಡಿನಲ್ಲೇ ಮಾಡುವುದು ಅಂದಿನ ಗುರಿ. ಉಕ್ಕು, ಯಂತ್ರ, ವಿದೇಶಿ ಹಣ ಎಲ್ಲವೂ ದುರ್ಲಭವಾಗಿದ್ದ ದಿನಗಳಲ್ಲಿ ಕ್ಯಾಬಿನ್ನಿಗಾಗಿ ಭಾರಿ ಒತ್ತುಯಂತ್ರಗಳನ್ನು ತರಿಸುವುದು ಮೊದಲ ಅಗತ್ಯವಾಗಿ ಕಂಡಿರಲಾರದು. ಹೀಗೆ ಎಂಜಿನ್ನು, ಬಾನೆಟ್ಟು, ಅದರ ಹಿಂದಿನ ತಗಡಿನ ತಡೆಗೋಡೆ ಇಷ್ಟೇ ಇದ್ದ ಬೋಳು ಚಾಸಿ ಮಾರಾಟಕ್ಕೆ ಬಂತು. ಮೆಕ್ಯಾನಿಕ್ಕುಗಳು ಆ ತಡೆಗೋಡೆಯನ್ನು ಕೌಲ್ ಎನ್ನುತ್ತಾರೆ. ಅದರ ಹಿಂದಕ್ಕೆ ಇರುವುದೆಲ್ಲ ಆಕಾಶ.

ಹೆದ್ದಾರಿಯಲ್ಲಿ ಆ ಬೋಳು ಚಾಸಿಗಳ ಸಾಲನ್ನು ಕಂಡವರು ಮರೆಯಲಾರರು. ಕಾರ್ಖಾನೆಯಿಂದ ದಕ್ಷಿಣದ ಊರುಗಳಿಗೆ ಸುಮಾರು ಎರಡು ಸಾವಿರ ಕಿಲೋಮೀಟರು ಹಾದಿ. ಹಲಗೆಯ ಮೇಲೋ ಪೆಟ್ಟಿಗೆಯ ಮೇಲೋ ಕುಳಿತು, ತಲೆಗೆ ಮುಖಕ್ಕೆ ಟವೆಲು ಸುತ್ತಿ, ಕಣ್ಣಿಗೆ ಧೂಳಿನ ಕನ್ನಡಕವಿಟ್ಟು ಚಾಲಕ ಬರುತ್ತಿದ್ದ. 1896ರ ಡೈಮ್ಲರನ ಚಾಲಕನಿಗೂ ಇವನಿಗೂ ಅಂತರವೇ ಇರಲಿಲ್ಲ. ಊರು ಸೇರಿದ ಮೇಲೆ ಬಾಡಿ ಕಟ್ಟುವ ಶೆಡ್ಡಿಗೆ ಚಾಸಿ ಹೋಗುತ್ತಿತ್ತು. ತಮಿಳುನಾಡಿನ ನಾಮಕ್ಕಲ್ ಈ ಕೆಲಸಕ್ಕೇ ಹೆಸರಾಯಿತು. ನಮ್ಮ ಊರುಗಳಲ್ಲೂ ಲಾರಿ ನಿಲ್ಲುವ ಕಡೆಯೆಲ್ಲ ಇಂಥ ಶೆಡ್ಡುಗಳು ಹುಟ್ಟಿಕೊಂಡವು. ಎತ್ತಿನ ಗಾಡಿಯ ಗುಂಬ, ಆರೆಕಾಲು, ಮೂಕಿಗಳನ್ನು ಕೆತ್ತುತ್ತಿದ್ದ ಕೈಗಳಿಗೆ ಇಲ್ಲಿ ಹೊಸ ಕೆಲಸ ಸಿಕ್ಕಿತು.

ಈಗ ಮತ್ತೆ ನನ್ನ ಸ್ನೇಹಿತರ ಶೆಡ್ಡಿಗೆ ಹೋಗೋಣ. ಪುಸ್ತಕ ಹೇಳದ್ದನ್ನು ಚೌಕಟ್ಟು ಹೇಳಿತು. ಬಣ್ಣ ಬಳಿಯುವ ಮೊದಲು ತೆಗೆದಿಟ್ಟ ಚಿತ್ರಗಳಲ್ಲಿ ಉದ್ದತೊಲೆಗಳ ಮೇಲೆ ಮರ ಕೂತಿದ್ದ ಜಾಗದ ಗುರುತು ಸ್ಪಷ್ಟವಾಗಿತ್ತು. ಒಂದೆಡೆ ಹಳೆಯ ಟೈರಿನಿಂದ ಕತ್ತರಿಸಿದ ರಬ್ಬರಿನ ತುಂಡು ಅಂಟಿಕೊಂಡೇ ಇತ್ತು. ಅದು ಮರದ ಕ್ಯಾಬಿನ್ನೇ ಆಗಿತ್ತು, ಸಂದೇಹವಿಲ್ಲ. ‘ಹಾಗಾದರೆ ಮೂಲ ಕ್ಯಾಬಿನ್ ಎಂಬುದೇ ಇಲ್ಲವೇ?’ ಎಂದು ಸ್ನೇಹಿತರು ನಿರಾಶರಾದರು. ಇತ್ತು, ಕಾರ್ಖಾನೆಯದಲ್ಲ ಅಷ್ಟೇ, ಎಂದೆ. ಒಂದು ದಿನದ ವಿಚಾರದ ನಂತರ ಅವರು ಗುಜರಿಯ ಉಕ್ಕಿನ ಕ್ಯಾಬಿನ್ನನ್ನು ಬಿಟ್ಟು, ಮರದಲ್ಲೇ ಕಟ್ಟಿಸಲು ಒಪ್ಪಿದರು. ವಯಸ್ಸಾದ ಬಡಗಿಯೊಬ್ಬರು ಸಿಕ್ಕರು. ತಾರುಣ್ಯದಲ್ಲಿ ಇಂಥ ನೂರಾರು ಕ್ಯಾಬಿನ್ ಕಟ್ಟಿದ್ದವರು. ಹೊನ್ನೆ, ಮತ್ತಿ ಮರ ಬಂತು. ಎರಡು ತಿಂಗಳಲ್ಲಿ ಕ್ಯಾಬಿನ್ ಎದ್ದಿತು.

ಕೂಡಿಸುವ ದಿನ ನಾನೂ ಅಲ್ಲಿದ್ದೆ. ಚೈನ್ ಕಪ್ಪಿಯಿಂದ ಎತ್ತಿ, ನಾಲ್ಕು ಮಂದಿ ಹಿಡಿದು, ನಿಧಾನವಾಗಿ ಚೌಕಟ್ಟಿನ ಮೇಲೆ ಇಳಿಸಿದರು. ಸ್ಟಿಯರಿಂಗ್ ಕಂಬ ನೆಲಹಲಗೆಯ ತೂತಿನೊಳಗಿಂದ ಸಲೀಸಾಗಿ ಮೇಲೆ ಬಂತು. ಆಚಾರ್ರು ಊಟಕ್ಕೆ ಹೋಗಿದ್ದರು. ಉತ್ಸಾಹದಲ್ಲಿದ್ದ ಹುಡುಗರು ಅವರಿಗೆ ಕಾಯದೆ ಬೋಲ್ಟುಗಳನ್ನೆಲ್ಲ ಪಾನಾ ಹಾಕಿ ಬಿಗಿದುಬಿಟ್ಟರು. ಬಾಗಿಲುಗಳನ್ನು ನೇತುಹಾಕಿದರು; ಅಚ್ಚುಕಟ್ಟಾಗಿ ಕೂತವು. ಚಪ್ಪಾಳೆಯೂ ಆಯಿತು. ಆಮೇಲೆ ಹಿಂದಿನ ಬಲಚಕ್ರದ ಕೆಳಗಿದ್ದ ಜಾಕಿಯನ್ನು ಇಳಿಸಿದರು. ಲಾರಿ ನೆಲಕ್ಕೆ ಕೂತಿತು. ಎಡಬಾಗಿಲು ತೆರೆಯಲೇ ಇಲ್ಲ. ಎಳೆದರೆ ಮರ ಕಿರುಗುಟ್ಟಿತು.

ಆಚಾರ್ರು ಬಂದು ನೋಡಿದರು. ಬಯ್ಯಲಿಲ್ಲ. ‘ಚಾಸಿ ಸೊಟ್ಟ ನಿಂತಿದ್ದಾಗ ಕಟ್ಟಿಹಾಕಿದೀರಿ. ಈಗ ಅದು ನೆಟ್ಟಗಾಗಿದೆ, ಇದು ಸೊಟ್ಟಗಾಗಿದೆ. ಎಲ್ಲಾ ಬಿಚ್ಚಿ’ ಎಂದರು. ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ಚಾಸಿ ಅನ್ನೋದು ಕಲ್ಲಲ್ಲ. ಅದು ತಿರುಚಿಕೊಳ್ತದೆ. ತಿರುಚಿಕೊಳ್ಳದಿದ್ರೆ ಮುರೀತದೆ’ ಎಂದರು.

ಅವರು ಹೇಳಿದ್ದು ಯಂತ್ರಶಾಸ್ತ್ರದ ಮಾತೇ. ಲಾರಿಯ ಚೌಕಟ್ಟು ಏಣಿಯಂತಿರುತ್ತದೆ: ಎರಡು ಉದ್ದತೊಲೆ, ನಡುವೆ ಅಡ್ಡತೊಲೆಗಳು. ತೊಲೆಗಳು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ. ಒಂದು ಪಕ್ಕ ತೆರೆದ ಕಾಲುವೆಯಾಕಾರದವು. ಹೀಗಿರುವುದರಿಂದ ಭಾರ ಹೊರುವಾಗ ಬಾಗುವುದಿಲ್ಲ, ಆದರೆ ಹಳ್ಳ ದಿಣ್ಣೆಗಳಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತವೆ. ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದವು ನೆಲ ಬಿಡದಿರಲು ಇದು ನೆರವಾಗುತ್ತದೆ. ಆದರೆ ಕ್ಯಾಬಿನ್ ಎಂಬುದು ಪೆಟ್ಟಿಗೆ. ಅದು ತಿರುಚಿಕೊಂಡರೆ ಬಾಗಿಲು ಕಚ್ಚುತ್ತದೆ, ಗಾಜು ಬಿರಿಯುತ್ತದೆ, ಮೂಲೆಯ ತಗಡು ಸೀಳುತ್ತದೆ. ಬಾಗುವುದರ ಮೇಲೆ ಬಾಗದುದನ್ನು ಕೂಡಿಸುವುದೇ ಇಲ್ಲಿನ ಸಮಸ್ಯೆ. ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಎರಡು. ನಾಲ್ಕು ಮೂಲೆಗಳ ಬದಲು ಮೂರೇ ಕಡೆ ಆಧಾರ ಕೊಡುವುದು ಒಂದು. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಅಲುಗದೆ ಕೂರುವಂತೆ ಇದು. ನಡುವೆ ರಬ್ಬರಿನ ಮೆತ್ತೆ ಇಡುವುದು ಇನ್ನೊಂದು. ಫೋರ್ಡ್ ಕಂಪನಿ 1948ರಲ್ಲಿ ಹೊರತಂದ ಟ್ರಕ್ಕುಗಳಲ್ಲಿ ಕ್ಯಾಬಿನ್ನನ್ನು ಹೀಗೆ ರಬ್ಬರಿನ ಆಧಾರಗಳಿಂದ ಚೌಕಟ್ಟಿನ ಕಂಪನದಿಂದ ಬೇರ್ಪಡಿಸಿದ್ದನ್ನು ದೊಡ್ಡ ಸುಧಾರಣೆಯೆಂದು ಜಾಹೀರುಪಡಿಸಿತು. ಅದನ್ನು ‘ಹತ್ತು ಲಕ್ಷ ಡಾಲರಿನ ಕ್ಯಾಬ್’ ಎಂದೇ ಕರೆಯಿತು. ನಮ್ಮ ಬಡಗಿ ಹಳೆಯ ಟೈರನ್ನು ಕತ್ತರಿಸಿ ಇಟ್ಟ ತುಂಡೂ ಅದೇ ಕೆಲಸ ಮಾಡುತ್ತಿತ್ತು. ಅದರ ಜಾಹೀರಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಮರುದಿನ ಕೆಲಸ ಮೊದಲಿನಿಂದ ನಡೆಯಿತು. ಚೌಕಟ್ಟನ್ನು ನಾಲ್ಕು ಊರೆಗಳ ಮೇಲೆ ನಿಲ್ಲಿಸಿ ರಸಮಟ್ಟ ಇಟ್ಟು ಸಮ ಮಾಡಿದರು. ಮೂಲೆಯಿಂದ ಮೂಲೆಗೆ ಎರಡು ಕಡೆಯೂ ದಾರ ಹಿಡಿದು ಅಳೆದರು. ಎರಡು ಅಳತೆಯೂ ಒಂದೇ ಆಗುವವರೆಗೆ ಬಿಡಲಿಲ್ಲ. ರಬ್ಬರಿನ ತುಂಡುಗಳನ್ನಿಟ್ಟು, ತೂತಿನೊಳಗೆ ಚಿಕ್ಕ ಕೊಳವೆ ಸೇರಿಸಿ ಬೋಲ್ಟು ಇಳಿಸಿದರು. ಎಷ್ಟು ಬಿಗಿದರೂ ರಬ್ಬರು ಜಜ್ಜಿಹೋಗದಿರಲಿ ಎಂದು. ಚೌಕಟ್ಟಿನಲ್ಲಿ ಒಂದೂ ಹೊಸ ತೂತು ಕೊರೆಯಗೊಡಲಿಲ್ಲ. ಉದ್ದತೊಲೆಯ ಅಂಚಿನಲ್ಲಿ ತೂತು ಬಿದ್ದರೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ. ಬಾಗಿಲು ನೇತುಹಾಕಿದ ಮೇಲೆಯೇ ಬಿಗಿಯುವ ಕೆಲಸ. ಮುಂದಿನ ಎಡಕ್ಕೆ ಅರ್ಧ ಸುತ್ತು, ಹಿಂದಿನ ಬಲಕ್ಕೆ ಅರ್ಧ ಸುತ್ತು, ಬಾಗಿಲು ತೆರೆದು ಮುಚ್ಚಿ ನೋಡು; ಸಂದು ಹೆಚ್ಚು ಕಡಿಮೆಯಾದರೆ ತೆಳು ತಗಡಿನ ಚೂರೊಂದನ್ನು ಕೆಳಗೆ ಸೇರಿಸು; ಮತ್ತೆ ಅರ್ಧ ಸುತ್ತು. ಇಡೀ ದಿನ ಹಿಡಿಯಿತು. ಸಂಜೆ ಲಾರಿಯನ್ನು ಇಳಿಸಿ, ಒಂದು ಚಕ್ರವನ್ನು ದಪ್ಪ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಚೌಕಟ್ಟು ತಿರುಚಿಕೊಂಡದ್ದು ಕಣ್ಣಿಗೇ ಕಂಡಿತು. ಬಾಗಿಲು ತೆರೆಯಿತು. ಈ ಬಾರಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಚಾರ್ರು ಬೀಡಿ ಹಚ್ಚಿದರು.

ನನ್ನ ಮನಸ್ಸಿನಲ್ಲಿ ಆಗಲೇ ಈ ಭಾಷಣದ ಕೊನೆಯ ವಾಕ್ಯಗಳು ಸಿದ್ಧವಾಗಿದ್ದವು. ಮರದ ಕ್ಯಾಬಿನ್ನಿನ ಹೊಗಳಿಕೆ, ಹೆಸರಿಲ್ಲದ ಕುಶಲಿಗೆ ನಮಸ್ಕಾರ, ಹೀಗೆ. ಅದನ್ನು ಕೆಡಿಸಿದವರು ಆ ಲಾರಿಯ ಹಳೆಯ ಚಾಲಕರು. ಈ ಸಮಾರಂಭಕ್ಕೆಂದೇ ಅವರನ್ನು ಕರೆಸಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೋಲೂರಿಕೊಂಡು ಬಂದು, ಮೆಟ್ಟಿಲ ಮೇಲೆ ಕಾಲಿಟ್ಟು, ಒಳಗೆ ಕೂತು, ಸ್ಟಿಯರಿಂಗ್ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಹೇಗಿದೆಯೆಂದು ಕೇಳಿದೆ. ‘ಹಂಗೇ ಐತೆ ಸ್ವಾಮಿ’ ಎಂದರು. ಆಮೇಲೆ ಹೇಳಿದರು: ಬೇಸಿಗೆಯಲ್ಲಿ ನೆಲಹಲಗೆಯ ಸಂದಿನಿಂದ ಎಂಜಿನ್ನಿನ ಕಾವು ಬಂದು ಕಾಲು ಬೇಯುತ್ತಿದ್ದುದು, ಮಳೆಯಲ್ಲಿ ಸೂರು ಸೋರಿ ಒದ್ದೆ ಬಟ್ಟೆಯಲ್ಲೇ ರಾತ್ರಿಯಿಡೀ ಓಡಿಸಿದ್ದು, ಎದುರಿನಿಂದ ಬಂದ ಲಾರಿ ತಾಕಿ ಕ್ಯಾಬಿನ್ನು ಬೆಂಕಿಪೆಟ್ಟಿಗೆಯಂತೆ ಪುಡಿಯಾಗಿ, ಜತೆಯವನೊಬ್ಬ ತಮ್ಮ ಕಣ್ಣೆದುರಿಗೇ ಹೋದದ್ದು. ‘ಚಾಸಿಗೆ ಏನೂ ಆಗಿರಲಿಲ್ಲ. ಅದಕ್ಕೆ ಬೇರೆ ಬಾಡಿ ಕಟ್ಟಿಸಿ ಓಡಿಸಿದ್ರು’ ಎಂದರು. ಇಳಿಯುವಾಗ ನನ್ನ ತೋಳು ಹಿಡಿದು, ‘ಇದ್ದಂಗೇ ಕಟ್ಟೀರಿ, ಒಳ್ಳೇದಾತು. ಆದ್ರೆ ಚಂದಾಗಿತ್ತು ಅಂತ ಬರೀಬ್ಯಾಡ್ರಿ’ ಎಂದರು.

ಆ ಮಾತಿನ ನಂತರ ನಾನು ಮತ್ತೊಂದು ಚರಿತ್ರೆಯನ್ನು ಓದಬೇಕಾಯಿತು. ಕ್ಯಾಬಿನ್ ಗಟ್ಟಿಯಾಗಿರಬೇಕು, ಅಪಘಾತದಲ್ಲಿ ಒಳಗಿನವನಿಗೆ ಬದುಕುವಷ್ಟು ಜಾಗ ಉಳಿಯಬೇಕು ಎಂಬ ವಿಚಾರ ಬಹಳ ಹಳೆಯದೇನಲ್ಲ. ಕ್ಯಾಬಿನ್ನಿಗೆ ಭಾರಿ ಗುಂಡಿನಿಂದ ಹೊಡೆದು ಪರೀಕ್ಷಿಸುವ ಪದ್ಧತಿಯನ್ನು ಸ್ವೀಡನ್ ದೇಶ 1960ರ ಸುಮಾರಿಗೆ ತಂದಿತು. 1974ರಲ್ಲಿ ವಿಶ್ವಸಂಸ್ಥೆಯ ಯೂರೋಪಿನ ಆರ್ಥಿಕ ಆಯೋಗದ ಇಪ್ಪತ್ತೊಂಬತ್ತನೆಯ ನಿಯಮವಾಗಿ ಅಂಥ ಪರೀಕ್ಷೆ ಅನೇಕ ದೇಶಗಳಿಗೆ ಹರಡಿತು. ನಮ್ಮಲ್ಲಿ 1980ರ ದಶಕದಲ್ಲಿ ಜಪಾನಿನ ಸಹಯೋಗದ ಲಘು ಟ್ರಕ್ಕುಗಳು ಕಾರ್ಖಾನೆಯಲ್ಲೇ ಮುಗಿದ ಉಕ್ಕಿನ ಕ್ಯಾಬಿನ್ನಿನೊಡನೆ ಬಂದವು. 1986ರಲ್ಲಿ ಟಾಟಾ 407 ಬಂತು. ಭಾರಿ ಲಾರಿಗಳಲ್ಲಿ ಈ ಬದಲಾವಣೆ ಇನ್ನೂ ನಿಧಾನವಾಗಿ ನಡೆಯಿತು. ಚಾಲಕನ ಬೆವರಿನ ಸರದಿ ಕೊನೆಗೆ ಬಂತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ನಿಗೆ ಮೀರಿದ ಸರಕು ವಾಹನಗಳ ಕ್ಯಾಬಿನ್ನಿನಲ್ಲಿ ಹವಾನಿಯಂತ್ರಣ ಇರಲೇಬೇಕು. ಜಮ್ಷೆಡ್ಪುರದ ಮೊದಲ ಲಾರಿಯಿಂದ ಇಲ್ಲಿಗೆ ಎಪ್ಪತ್ತೊಂದು ವರ್ಷ.

ಹಾಗಾದರೆ ಆ ಬಡಗಿಯ ಕೆಲಸ ತಪ್ಪೇ? ಅಲ್ಲ. ಚೌಕಟ್ಟು ಬಾಗುತ್ತದೆಂಬುದನ್ನು ಅವರು ಬಲ್ಲರು. ಆ ಬಾಗುವಿಕೆಗೆ ಮರ ಮತ್ತು ರಬ್ಬರು ಹೊಂದಿಕೊಳ್ಳುವಂತೆ ಮಾಡಿದರು. ಕೊಟ್ಟ ಹಣದಲ್ಲಿ, ಸಿಕ್ಕ ಸಾಮಗ್ರಿಯಲ್ಲಿ ಅದಕ್ಕಿಂತ ಹೆಚ್ಚನ್ನು ಯಾರೂ ಮಾಡಲಾರರು. ಆ ಹಣ ಎಷ್ಟಿರಬೇಕು, ಎಂಜಿನ್ನಿಗೆ ಎಷ್ಟು, ಮನುಷ್ಯನಿಗೆ ಎಷ್ಟು ಎಂದು ಲೆಕ್ಕ ಹಾಕಿದವರು ಬೇರೆ. ಬಡಗಿಯ ಜಾಣ್ಮೆಯನ್ನು ಕೊಂಡಾಡುವ ಭರದಲ್ಲಿ ಆ ಲೆಕ್ಕವನ್ನು ಮರೆತರೆ ನಮ್ಮ ಜೀರ್ಣೋದ್ಧಾರ ಅರ್ಧದ್ದಾಗುತ್ತದೆ. ಚಾಲಕರ ಕಷ್ಟವನ್ನು ನೆನೆದು ಗುಜರಿಯ ಚಂದದ ಕ್ಯಾಬಿನ್ನನ್ನು ತಂದು ಕೂಡಿಸಿದ್ದರೂ ಅಷ್ಟೇ. ನೋಡಿದವರು ಅಂದಿನ ಚಾಲಕರು ಅಂಥದರಲ್ಲೇ ಕೂತಿದ್ದರೆಂದು ತಿಳಿಯುತ್ತಿದ್ದರು.

ನನ್ನ ಸ್ನೇಹಿತರು ಈಗ ಆ ಲಾರಿಯನ್ನು ವರ್ಷಕ್ಕೆ ಒಂದೆರಡು ಬಾರಿ ಹೊರಗೆ ತರುತ್ತಾರೆ. ಮಕ್ಕಳು ಹತ್ತಿ ಕೂತು ಹಾರನ್ನು ಒತ್ತಿ ನಲಿಯುತ್ತಾರೆ. ಬಾಗಿಲಿನ ಒಳಬದಿಯಲ್ಲಿ ಒಂದು ಚಿಕ್ಕ ಫಲಕ ಹೊಡೆಸಲು ನಾನು ಸೂಚಿಸಿದೆ, ಅವರು ಒಪ್ಪಿದರು. ಕ್ಯಾಬಿನ್ ಕಟ್ಟಿದ ಆಚಾರ್ರ ಹೆಸರು ಅದರಲ್ಲಿದೆ, ನೋಂದಣಿ ಪುಸ್ತಕದಲ್ಲಿಲ್ಲದ ಅಂಕಣವನ್ನು ತುಂಬಿದಂತೆ. ಅದರ ಕೆಳಗೆ ಓಡಿಸಿದವರ ಹೆಸರು, ಓಡಿಸಿದ ವರ್ಷಗಳ ಲೆಕ್ಕ. ಅದರ ಕೆಳಗೆ ಇನ್ನೊಂದು ಸಾಲು: ಬೇಸಿಗೆಯಲ್ಲಿ ಇದರೊಳಗೆ ಕಾಲು ಬೇಯುತ್ತಿತ್ತು, ಮಳೆಯಲ್ಲಿ ಸೂರು ಸೋರುತ್ತಿತ್ತು. ಆ ಸಾಲು ಬೇಡವೆಂದು ಸ್ನೇಹಿತರ ಮನೆಯವರು ಮೊದಲು ಹೇಳಿದರು. ಹಳೆಯ ಚಾಲಕರಿಗೆ ಅದನ್ನು ಓದಿ ಹೇಳಿದಾಗ ಅವರು ತಲೆಯಾಡಿಸಿ, ‘ಈಗ ಸರಿಹೋತು’ ಎಂದರು. ಸಾಲು ಹಾಗೆಯೇ ಉಳಿಯಿತು.

(ಬಾನುಲಿ ಭಾಷಣದ ಬರಹರೂಪ)